ನಮ್ಮೂರ ಚರ್ಚಿನ ಸೂರಿಗೆ ನಿಮ್ಮದೊಂದು ಹೆಂಚು

ಗೆಳೆಯರೇ,

ಫ್ರಾನ್ಸಿನ ನಟ್ಟನಡುವೆ ಬೆರ್ರಿ ಅನ್ನೋ ಸೀಮೆ ಇದೆ. ಅಲ್ಲಿನ ಒಂದು ಪುಟ್ಟ ಹಳ್ಳಿಯಲ್ಲಿ ನಮ್ಮ ಸಂಸಾರ ನೆಲೆಸಿದೆ. ಊರ ಚರ್ಚಿನ ಸೂರು ಸೋರುತ್ತಿದೆ. ರಿಪೇರಿಗೆ ಹಣ ಕೂಡಿಸುತ್ತಿರುವ ಊರವರಲ್ಲಿ ನಾನೂ ಒಬ್ಬ. ಯುರೋಪಿನಲ್ಲಿರುವ ಕನ್ನಡಿಗರನ್ನೂ ಕೇಳಿ ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

"ಚರ್ಚಿಗೆ ಪಾದ್ರಿಗಳೇ ದುಡ್ಡು ಹಾಕಬಹುದಲ್ವಾ?" ಬಂದ ಹೊಸದರಲ್ಲಿ ನಾನೂ ಹೀಗೇ ಕೇಳಿದ್ದೆ. ಇಲ್ಲಿ 1905ರಲ್ಲಿ ಸರ್ಕಾರವನ್ನೂ ಧರ್ಮವನ್ನೂ ಬೇರೆ ಮಾಡುವ ಕಾನೂನು ಬಂತು. ಅದಕ್ಕೂ ಹಿಂದೆ ಕಟ್ಟಿದ ಹಳ್ಳಿ ಚರ್ಚುಗಳು ಬಹುಪಾಲು ಊರಿನ ಆಸ್ತಿಯಾದವು. ನಮ್ಮ ಪಂಚಾಯಿತಿಯಂಥದಕ್ಕೆ ಇಲ್ಲಿ ಕಮ್ಯೂನ್ ಅನ್ನುತ್ತಾರೆ. ಪಾದ್ರಿಗಳು ಬಂದು ಪೂಜೆ ಮಾಡುತ್ತಾರೆ, ಗೋಡೆ ಅವರದಲ್ಲ. ನಮ್ಮೂರಲ್ಲಿ ವಯಸ್ಸಾದವರೇ ಜಾಸ್ತಿ. ತೆರಿಗೆ ಕಟ್ಟುವ ಮನೆಗಳು ಕಡಿಮೆಯಾದವು, ಸೂರು ಮಾತ್ರ ಹಳೆಯ ಅಳತೆಯದೇ.

ಇದೇ ಸೀಮೆಯಲ್ಲಿ ವಿಕ್ ಅನ್ನೋ ಊರಿದೆ. ಅಲ್ಲಿನ ಸಂತ ಮಾರ್ಟಿನ್ ಚರ್ಚು ಹೊರಗಿನಿಂದ ತೀರಾ ಸಾದಾ. 1849ರಲ್ಲಿ ಅಲ್ಲಿನ ಪಾದ್ರಿಗೆ ಗೋಡೆಯ ಸುಣ್ಣದ ಕೆಳಗೆ ಬಣ್ಣ ಕಂಡಿತು. ಕೆರೆಯುತ್ತಾ ಹೋದರೆ 12ನೇ ಶತಮಾನದ ಚಿತ್ರಗಳು! ಪಕ್ಕದ ನೊಆಂನಲ್ಲಿದ್ದ ಲೇಖಕಿ ಜಾರ್ಜ್ ಸಾಂದ್ ಸುಮ್ಮನೆ ಕೂರಲಿಲ್ಲ. ಸ್ಮಾರಕಗಳ ಇನ್‌ಸ್ಪೆಕ್ಟರ್ ಆಗಿದ್ದ ಪ್ರೊಸ್ಪೆರ್ ಮೆರಿಮೆಗೆ ವಿಷಯ ಮುಟ್ಟಿಸಿದರು. ಮರುವರ್ಷವೇ ಚರ್ಚಿಗೆ ಸರ್ಕಾರದ ರಕ್ಷಣೆ ಸಿಕ್ಕಿತು. ಅಲ್ಲಿನ ಒಂದು ಚಿತ್ರ ನನಗೆ ಬಲು ಇಷ್ಟ. ಸಂತ ಮಾರ್ಟಿನ್ ತೀರಿಕೊಂಡಾಗ ದೇಹ ನಮಗೆ ಬೇಕು ಅಂತ ಎರಡು ಊರಿನವರು ಜಗಳಕ್ಕೆ ಬಿದ್ದರಂತೆ. ಪ್ವಾತಿಯೆಯವರು ನಿದ್ದೆಗೆ ಜಾರಿದಾಗ ತೂರ್‌ನವರು ಕಿಟಕಿಯಿಂದ ದೇಹವನ್ನು ಸಾಗಿಸಿಬಿಟ್ಟರಂತೆ. ಸಂತರ ಕಥೆಯಲ್ಲೂ ಕಳ್ಳತನ!

ನಮ್ಮ ಚರ್ಚಿನ ಸುಣ್ಣದ ಕೆಳಗೆ ಏನಿದೆಯೋ, ಯಾರೂ ಕೆರೆದು ನೋಡಿಲ್ಲ. ಚಿತ್ರ ಇದೆ ಅಂತ ಆಸೆ ಹುಟ್ಟಿಸಿ ದುಡ್ಡು ಕೇಳುವುದು ಸರಿಯಲ್ಲ. ಏನೂ ಇಲ್ಲದೆಯೂ ಇರಬಹುದು. ಆದರೆ ಇದ್ದರೆ, ನೀರು ಮೊದಲು ತಿನ್ನುವುದು ಅದನ್ನೇ. ಗೋಡೆಗೆ ಇಳಿದ ನೀರು ಆರುವಾಗ ಒಳಗಿನ ಉಪ್ಪನ್ನು ಮೇಲಕ್ಕೆ ತರುತ್ತದೆ. ಗಾರೆ ಉಬ್ಬಿ ಪದರ ಪದರವಾಗಿ ಉದುರುತ್ತದೆ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲೇ ಪುಡಿಯಾಗುತ್ತದೆ. ಹಾಗಾಗಿ ಸುಣ್ಣದ ಗಾರೆಯೇ ಆಗಬೇಕು. ಆ ಕೆಲಸ ಬಲ್ಲವರ ಕೂಲಿ ಜಾಸ್ತಿ.

2019ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಹೊತ್ತಿ ಉರಿದಾಗ ಜಗತ್ತೇ ನೋಡಿತು. ಸುಮಾರು 84 ಕೋಟಿ ಯೂರೊ ಹರಿದುಬಂತು. ನಮ್ಮದು ಬೆಂಕಿಯಲ್ಲ, ತೊಟ್ಟಿಕ್ಕುವ ನೀರು. ಟಿವಿಯವರು ಬರುವುದಿಲ್ಲ.

ಹಣ ನೇರವಾಗಿ ಕಮ್ಯೂನ್‌ಗೆ ಹೋಗುತ್ತದೆ, ನಮ್ಮ ಯಾರ ಕೈಗೂ ಬರುವುದಿಲ್ಲ. ಮೊದಲು ಸೂರು, ಆಮೇಲೆ ಗೋಡೆ. ಫ್ರಾನ್ಸಿನಲ್ಲಿ ತೆರಿಗೆ ಕಟ್ಟುವವರು ರಸೀದಿ ತೋರಿಸಿದರೆ ಕೊಟ್ಟಿದ್ದರಲ್ಲಿ 66% ಆದಾಯ ತೆರಿಗೆಯಲ್ಲಿ ಕಡಿತವಾಗುತ್ತದೆ. 100 ಯೂರೊ ಕೊಟ್ಟರೆ ನಿಮಗೆ ಬೀಳುವುದು 34. ಭಾರತದಲ್ಲಿರುವವರಿಗೆ ಈ ಲಾಭ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಹತ್ತು ಯೂರೊ ಆದರೂ ಸಾಕು.

ಕೊಡಲಾಗದಿದ್ದರೆ ಬೇಜಾರಿಲ್ಲ, ಬೇಸಿಗೆಯಲ್ಲಿ ಈ ಕಡೆ ಬನ್ನಿ. ಬೀಗದ ಕೈ ಎದುರುಮನೆಯ ಅಜ್ಜಿಯ ಹತ್ತಿರ ಇರುತ್ತದೆ. ಬಾಗಿಲು ತೆಗೆದ ಮೇಲೆ ನೋಡಿಕೊಂಡು ನಡೆಯಿರಿ, ಸಾಲಾಗಿ ಬಕೆಟ್ ಇಟ್ಟಿದ್ದೇವೆ.