ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿದ ಮುದ್ರಣಾಲಯಕ್ಕೆ

ಇಂದ: ನಿಮ್ಮ ಬಿಲ್ಲಿನಲ್ಲಿ ‘ಪಂಪ್ ಬುಕ್ ಪಾರ್ಟಿ’ ಎಂದು ದಾಖಲಾಗಿರುವ ಗಿರಾಕಿ, ಬೆಂಗಳೂರು

ಗೆ: ಮಾಲೀಕರು, ಮುದ್ರಣಾಲಯ, ಕಾಟನ್‌ಪೇಟೆ

ವಿಷಯ: 150 ಪುಸ್ತಕ ಮತ್ತು 100 ಕ್ಯಾಸೆಟ್ ಕಾರ್ಡ್ ಕೆಟ್ಟು ಬಂದಿರುವ ಬಗ್ಗೆ

ಮಾನ್ಯರೇ,

ಮೊದಲು ಬಿಲ್ಲಿನ ವಿಷಯ. ಅದು ಪಂಪ್ ಅಲ್ಲ, ಪಂಕ್. ಹಾರ್ಡ್‌ಕೋರ್ ಪಂಕ್ ಅಂತ ಒಂದು ಸಂಗೀತವಿದೆ. ಜೋರು, ವೇಗ, ಒಂದೊಂದು ಹಾಡೂ ಒಂದೂವರೆ ನಿಮಿಷಕ್ಕೆ ಖತಂ. ನಾನು ಮತ್ತು ನನ್ನ ಗೆಳೆಯ ಸೇರಿ ಅದಕ್ಕೆಂದೇ ಒಂದು ಸಣ್ಣ ಪತ್ರಿಕೆ ಶುರು ಮಾಡಿದ್ದೇವೆ. ಇಂಥದ್ದಕ್ಕೆ ಝೀನ್ ಅನ್ನುತ್ತಾರೆ. ಜೊತೆಗೆ ನಾಲ್ಕು ಬ್ಯಾಂಡ್‌ಗಳ ಹಾಡು ಸೇರಿಸಿ ಒಂದು ಕ್ಯಾಸೆಟ್ ತರುತ್ತಿದ್ದೇವೆ. ಹಾಡು ಹೊರತರುವ ನಮ್ಮ ಕಂಪನಿ, ಅಂದರೆ ‘ಲೇಬಲ್’, ಒಂದು ರಬ್ಬರ್ ಸ್ಟಾಂಪು ಮತ್ತು ಸಂಡೇ ಬಜಾರ್‌ನಲ್ಲಿ ಸಿಕ್ಕ ಹಳೇ ಡಬಲ್ ಡೆಕ್ ಟೇಪ್ ರೆಕಾರ್ಡರ್, ಅಷ್ಟೇ. ಒಂದು ಕ್ಯಾಸೆಟ್ ತುಂಬಲು 20 ನಿಮಿಷ ಬೇಕು. 100 ಕ್ಯಾಸೆಟ್‌ಗೆ 33 ಗಂಟೆ ಅದರ ಮುಂದೆ ಕೂತಿದ್ದೇವೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮಗೆ ಇದು ಸಣ್ಣ ಆರ್ಡರ್ ಇರಬಹುದು, ನಮಗಲ್ಲ.

ಅಂಟಿಸಿದ ಮೂಲ ಹಾಳೆಗಳನ್ನು ಕೊಡುವಾಗ ಪ್ರತಿಯೊಂದರ ಹಿಂದೆಯೂ ಪೆನ್ಸಿಲಿನಲ್ಲಿ ‘ಇದ್ದ ಹಾಗೇ ಸ್ಕ್ಯಾನ್ ಮಾಡಿ’ ಅಂತ ಬರೆದಿದ್ದೆ. ಮುಖಪುಟದ ತಲೆಬರಹವನ್ನು ಹಳೇ ದಿನಪತ್ರಿಕೆಗಳಿಂದ ಒಂದೊಂದೇ ಅಕ್ಷರ ಕತ್ತರಿಸಿ ಅಂಟಿಸಿದ್ದು. ಒಂದು ದಪ್ಪ, ಒಂದು ಸಣ್ಣ, ಒಂದು ವಾಲಿಕೊಂಡಿದೆ. ನಿಮ್ಮ ಡಿಟಿಪಿಯವರು ಅದನ್ನು ಕಿತ್ತು ಹಾಕಿ, ‘ನುಡಿ’ ತಂತ್ರಾಂಶದಲ್ಲಿ ನೀಟಾಗಿ ಟೈಪ್ ಮಾಡಿ, ಕೆಳಗೆ ಲಗ್ನಪತ್ರಿಕೆಯ ಬಳ್ಳಿಯನ್ನೂ ಬಿಡಿಸಿದ್ದಾರೆ. ನಡುವಿನ 16-17ನೇ ಪುಟದಲ್ಲಿ ಜೆರಾಕ್ಸ್‌ನ ಕಪ್ಪು ಕಾಳುಗಳು ತುಂಬಿದ ಫೋಟೋಗಳಿದ್ದವು. ಕಾಳೆಲ್ಲ ಒರೆಸಿ ಹೋಗಿದೆ. ಕಿರುಚುತ್ತಿರುವ ಹಾಡುಗಾರ ಈಗ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡವನ ಹಾಗೆ ಕಾಣುತ್ತಾನೆ.

ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವರು, “ಸೊಟ್ಟ ಸೊಟ್ಟ ಇತ್ತು ಸಾರ್, ಕ್ಲೀನ್ ಮಾಡಿಸಿದ್ವಿ. ಅದಕ್ಕೇನೂ ಜಾಸ್ತಿ ಹಾಕಿಲ್ಲ” ಅಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ಆ ಸೊಟ್ಟ ಇವತ್ತಿನದಲ್ಲ. 1976ರಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರಿ ತನ್ನ ‘ಸ್ನಿಫಿನ್ ಗ್ಲೂ’ ಝೀನನ್ನು ಟೈಪ್‌ರೈಟರಿನಲ್ಲಿ ಹೊಡೆದು, ತಲೆಬರಹ ಕೈಯಲ್ಲೇ ಗೀಚಿ, ಜೆರಾಕ್ಸ್ ಮಾಡಿಸಿ ಹಂಚಿದ. ಅಮೆರಿಕದ ಮಿಷಿಗನ್‌ನಲ್ಲಿ 1979ರಲ್ಲಿ ಶುರುವಾದ ‘ಟಚ್ ಅಂಡ್ ಗೋ’ ಝೀನು 1981ಕ್ಕೆ ರೆಕಾರ್ಡ್ ಲೇಬಲ್ಲೂ ಆಯಿತು. 1980ರಲ್ಲಿ ವಾಷಿಂಗ್ಟನ್ನಿನಲ್ಲಿ ಶುರುವಾದ ಡಿಸ್ಕಾರ್ಡ್ ಲೇಬಲ್ಲಿನ ಹುಡುಗರು ತಮ್ಮ ಮೊದಲ ರೆಕಾರ್ಡಿನ ಕವರುಗಳನ್ನು ತಾವೇ ಕತ್ತರಿಸಿ, ಮಡಚಿ, ಗೋಂದು ಹಚ್ಚಿದರು. ಕೈಯಲ್ಲಿ ಮಾಡಿದ್ದು ಅಂತ ಕಾಣಬೇಕು, ನಾಳೆ ನಾನೂ ಮಾಡಬಹುದು ಅಂತ ಓದುವವನಿಗೆ ಅನ್ನಿಸಬೇಕು. ಬಳ್ಳಿ ಬಿಡಿಸಿದರೆ ಹಾಗೆ ಅನ್ನಿಸುತ್ತದಾ, ಹೇಳಿ?

ಸರಿ, ಇದು ರುಚಿಯ ಮಾತು ಅಂತಲೇ ಇಟ್ಟುಕೊಳ್ಳೋಣ. ನೆಟ್ಟಗಿರಲೇಬೇಕಾದ್ದು ಹೇಗಿದೆ ನೋಡಿ. ನಡುವೆ ಮಡಚಿ ಪಿನ್ನು ಹೊಡೆಯುವ 32 ಪುಟದ ಪುಸ್ತಕಕ್ಕೆ 8 ಹಾಳೆ, ಹಾಳೆಗೆ 4 ಪುಟ. ಹಾಳೆಯ ಒಂದೊಂದು ಮಗ್ಗುಲಲ್ಲಿ ಬರುವ ಎರಡು ಪುಟಗಳನ್ನು ಕೂಡಿದರೆ 33 ಬರಬೇಕು, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 3ನೇ ಹಾಳೆಯಲ್ಲಿ ಲೆಕ್ಕ ಸರಿಯಾಗೇ ಇದೆ, ಆದರೆ ಹಿಂಬದಿ ತಿರುಗಿಸಿ ಹೊಡೆದಿದ್ದೀರಿ. ಹೀಗಾಗಿ 5ನೇ ಪುಟದ ಹಿಂದೆ 6 ಇಲ್ಲ, 27 ಇದೆ, ಅದೂ ತಲೆಕೆಳಗಾಗಿ. 5ರಲ್ಲಿ ಶುರುವಾದ ಸಂದರ್ಶನದ ಉತ್ತರ ಬೇಕಾದರೆ ಪುಸ್ತಕವನ್ನೇ ಉಲ್ಟಾ ಹಿಡಿದು ಕೊನೆಯಲ್ಲಿ ಹುಡುಕಬೇಕು. 150ಕ್ಕೆ 150 ಪ್ರತಿಯೂ ಹೀಗೇ. ಬಹುಶಃ ಆ ಹಾಳೆ ಊಟದ ಮೇಲೆ ಮಿಷನ್ನಿಗೆ ಹೋಗಿದೆ.

ಇನ್ನು ಕ್ಯಾಸೆಟ್ ಕಾರ್ಡು, ಅಂದರೆ ಡಬ್ಬಿಯೊಳಗೆ ಮಡಚಿ ಹಾಕುವ ಕವರು. ಬೆನ್ನಿನ ಅಗಲ ಅರ್ಧ ಇಂಚು ಇರಬೇಕು. ‘ಫಿಟ್ ಟು ಪೇಜ್’ ಒತ್ತಿ ಎಲ್ಲವನ್ನೂ ಕುಗ್ಗಿಸಿದ್ದೀರಿ, ಮಡಿಕೆ ಬೇರೆ ಜಾಗದಲ್ಲಿ ಬಿದ್ದಿದೆ. ಕಾರ್ಡು ಹಾಕಿದರೆ ಡಬ್ಬಿಯ ಮುಚ್ಚಳ ಕೂರುವುದಿಲ್ಲ. ಒತ್ತಿದರೆ ಟಪ್ ಅಂತ ಮೇಲೇಳುತ್ತದೆ. ಅಳತೆಗೆ ಇರಲಿ ಅಂತ ನಾನೊಂದು ಖಾಲಿ ಡಬ್ಬಿ ಕೊಟ್ಟಿದ್ದೆ. ಮೊನ್ನೆ ಬಂದಾಗ ಅದರಲ್ಲಿ ನಿಮ್ಮ ಹುಡುಗರು ಸ್ಟೇಪ್ಲರ್ ಪಿನ್ನು ತುಂಬಿಟ್ಟಿದ್ದರು.

ಮೊದಲ ಬಂಡಲ್ಲಿನ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟಿದ್ದಕ್ಕೆ ನನ್ನ ದೂರಿಲ್ಲ. ಅದನ್ನು ನನ್ನ ಗೆಳೆಯ ಎತ್ತಿಟ್ಟುಕೊಂಡಿದ್ದಾನೆ.

ಒಟ್ಟು 7,200 ರೂಪಾಯಿ ಕೊಟ್ಟಿದ್ದೇನೆ. 4,000 ಅಡ್ವಾನ್ಸ್, ಉಳಿದದ್ದು ಬಂಡಲ್ ಬಿಚ್ಚಿ ನೋಡದೆ ಯುಪಿಐನಲ್ಲಿ. ಬಿಚ್ಚಿ ನೋಡದೆ ಕೊಟ್ಟಿದ್ದು ನನ್ನ ತಪ್ಪು. ಪೂರ್ತಿ ಮರುಮುದ್ರಣ ಕೇಳುತ್ತಿಲ್ಲ. 1 (ಮುಖಪುಟದ್ದು), 3 ಮತ್ತು 8ನೇ (ನಡುವಿನ ಫೋಟೋಗಳದ್ದು) ಹಾಳೆಗಳನ್ನು 150ರಂತೆ, ಕಾರ್ಡುಗಳನ್ನು 100 ಹೊಸದಾಗಿ, ದುಡ್ಡು ಕೇಳದೆ ಹೊಡೆದು ಕೊಡಿ. ಹಳೇ ಪಿನ್ನು ಕಿತ್ತು ಹೊಸ ಹಾಳೆ ಸೇರಿಸುವ ಕೆಲಸ ನಾವೇ ಮಾಡಿಕೊಳ್ಳುತ್ತೇವೆ. ಹೇಗೂ ಅಭ್ಯಾಸವಾಗಿದೆ. ಒಂದು ವಾರದಲ್ಲಿ ಆಗದಿದ್ದರೆ ಹಣ ವಾಪಸ್ ಮಾಡಿ. ಎರಡೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ಹೋಗುವುದು ಇಬ್ಬರಿಗೂ ಬೇಡ ಅಲ್ವಾ?

ಮೊದಲ ಪ್ರತಿ ಹೊಡೆದ ಕೂಡಲೇ ಫೋನ್ ಮಾಡಿ, ಬಂದು ನೋಡಿ ಸಹಿ ಹಾಕುತ್ತೇನೆ. ಮೂಲ ಹಾಳೆಗಳು ಇನ್ನೂ ನಿಮ್ಮ ಹತ್ತಿರವೇ ಇವೆ. ಅವುಗಳ ಅಂಚು ಎಲ್ಲಿ ಹರಿದಿದೆಯೋ ಹಾಗೇ ಇರಲಿ, ದಯವಿಟ್ಟು ಕಟಿಂಗ್ ಮಿಷನ್ನಿಗೆ ಹಾಕಬೇಡಿ. ಆ ಖಾಲಿ ಡಬ್ಬಿಯನ್ನೂ ಪಿನ್ನು ಖಾಲಿ ಮಾಡಿ ಎತ್ತಿಡಿ.

ಇಂತಿ,
ಪಂಕ್ ಬುಕ್ ಪಾರ್ಟಿ