ಪಕ್ಕದ ಸೊಂಟನೋವೆಲ್ಲ ನರದ್ದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಸೊಂಟನೋವಿನ ಲೇಖನದಲ್ಲಿ ಡಿಸ್ಕ್, ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ ನೋವು), ಮೂಳೆ ಸವೆತ ಎಲ್ಲವೂ ಇತ್ತು. ಒಂದೂವರೆ ವರ್ಷ ನನ್ನ ನಿದ್ದೆ ಕೆಡಿಸಿದ ಕಾಯಿಲೆ ಮಾತ್ರ ಇರಲಿಲ್ಲ: ಸೊಂಟದ ಪಕ್ಕದ ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜು ಹಾಳಾಗುವುದು.

ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಎಡತೊಡೆಯ ಮೇಲ್ತುದಿಯಲ್ಲಿ ಕೈಯಿಟ್ಟರೆ ಮೂಳೆಯ ಉಬ್ಬು ಸಿಗುತ್ತದಲ್ಲ, ಅಲ್ಲೇ ನೋವು. ಆ ಮಗ್ಗುಲಿಗೆ ಮಲಗುವಂತಿರಲಿಲ್ಲ. ಬಸ್ಸು ಹತ್ತುವಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕಿತ್ತು. ಒಂದು ಕಡೆ ನರ ಒತ್ತಿದೆಯೆಂದು ಬೆನ್ನಿನ ಎಂಆರ್‌ಐ ಮಾಡಿಸಿದರು. ಇನ್ನೊಂದು ಕಡೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಆರು ವಾರ ಹಾಯೆನಿಸಿತು, ಆಮೇಲೆ ಮತ್ತೆ ಅದೇ.

ಕೊನೆಗೆ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳು ಚೀಟಿ ನೋಡುವ ಮೊದಲೇ ನನ್ನನ್ನು ಎಡಗಾಲ ಮೇಲೆ ನಿಲ್ಲಿಸಿದಳು. ಬಲಗಡೆಯ ಚಪ್ಪೆ, ಅಂದರೆ ಸೊಂಟದ ಮೂಳೆ, ಕೆಳಗೆ ಜಗ್ಗಿತು, ಅರ್ಧ ನಿಮಿಷದೊಳಗೆ ಅದೇ ಉಬ್ಬಿನಲ್ಲಿ ನೋವು ಹಿಡಿಯಿತು. ಹೀಗೆ ಚಪ್ಪೆ ಜಗ್ಗುವುದನ್ನು ಟ್ರೆಂಡೆಲೆನ್‌ಬರ್ಗ್ ಎಂಬ ಜರ್ಮನ್ ಶಸ್ತ್ರವೈದ್ಯರು 1895ರಲ್ಲೇ ವಿವರಿಸಿದ್ದರು. ಈ ಪರೀಕ್ಷೆಗೆ ಯಂತ್ರ ಬೇಡ, ಖರ್ಚೂ ಇಲ್ಲ.

ಚಪ್ಪೆಯೆಲುಬಿನ ಹೊರಮೈಯಿಂದ ಬೀಸಣಿಗೆಯಂತೆ ಇಳಿದುಬರುವ ಗ್ಲೂಟಿಯಸ್ ಮೀಡಿಯಸ್ ಸ್ನಾಯು ಗಟ್ಟಿ ಪಟ್ಟಿಯಂಥ ಸ್ನಾಯುರಜ್ಜುವಾಗಿ ಆ ಉಬ್ಬಿಗೆ ಅಂಟಿಕೊಳ್ಳುತ್ತದೆ. ನಡೆಯುವಾಗ ಒಂದು ಕಾಲು ಮೇಲೆದ್ದರೆ ಸೊಂಟ ಆ ಕಡೆ ವಾಲದಂತೆ ಹಿಡಿಯುವುದು ಈ ಸ್ನಾಯುವೇ. ನಲವತ್ತು ದಾಟಿದ ಹೆಂಗಸರಲ್ಲಿ ಈ ರಜ್ಜು ಹೆಚ್ಚಾಗಿ ಹಾಳಾಗುತ್ತದೆ, ಕೆಲವರಲ್ಲಿ ಹರಿಯುವುದೂ ಉಂಟು. ಸೊಂಟ ಪಕ್ಕಕ್ಕೆ ಚಾಚಿ ಒಂಟಿಕಾಲಿಗೆ ಭಾರ ಕೊಟ್ಟು ನಿಂತರೂ, ಕಾಲ ಮೇಲೆ ಕಾಲು ಹಾಕಿ ಕೂತರೂ ಅದು ಮೂಳೆಗೆ ಅದುಮಿಕೊಳ್ಳುತ್ತದೆ. ಕರಿಹಲಗೆಯ ಪಕ್ಕ ನಾನು ಅಷ್ಟು ವರ್ಷ ನಿಂತದ್ದೇ ಹಾಗೆ. ಚಿಕ್ಕಂದಿನಲ್ಲಿ ತಮ್ಮನನ್ನೂ ನೀರಿನ ಬಿಂದಿಗೆಯನ್ನೂ ಹೊತ್ತದ್ದು ಇದೇ ಎಡಸೊಂಟದಲ್ಲಿ.

ರಾತ್ರಿ ಮೊಣಕಾಲುಗಳ ನಡುವೆ ದಿಂಬು, ಎರಡೂ ಕಾಲಿಗೆ ಸಮ ಭಾರ, ದಿನವೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ವ್ಯಾಯಾಮ. ನಾಲ್ಕು ತಿಂಗಳಲ್ಲಿ ಕಂಬಿ ಬಿಟ್ಟು ಬಸ್ಸು ಹತ್ತಿದೆ. ಆಸ್ಟ್ರೇಲಿಯಾದಲ್ಲಿ ಇಂಥದೇ ನೋವಿನ 204 ಜನರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಎಂಟು ವಾರಕ್ಕೆ ವ್ಯಾಯಾಮದ ಗುಂಪಿನಲ್ಲಿ ಶೇ 77 ಮಂದಿ ಚೇತರಿಸಿಕೊಂಡರೆ, ಇಂಜೆಕ್ಷನ್ ಗುಂಪಿನಲ್ಲಿ ಶೇ 58. ರಜ್ಜು ಪೂರ್ತಿ ಹರಿದವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದನ್ನು ವೈದ್ಯರೇ ಹೇಳಬೇಕು.

ದಯವಿಟ್ಟು ಮುಂದಿನ ಆರೋಗ್ಯ ಪುಟದಲ್ಲಿ ಈ ಒಂಟಿಕಾಲಿನ ಪರೀಕ್ಷೆಯನ್ನು ಚಿತ್ರದೊಡನೆ ಪ್ರಕಟಿಸಿ. ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಶಿಕ್ಷಕಿಯರು ಈಗಲೂ ನರದ ಮಾತ್ರೆ ನುಂಗುತ್ತಿದ್ದಾರೆ.

– ನಿವೃತ್ತ ಶಿಕ್ಷಕಿ, ಸಾಗರ