ಇನ್ನೊಂದು ಬಾಟಲಿ ಡ್ರಿಪ್ ಹಾಕುವ ಮೊದಲು

ಸಂಪಾದಕರೇ,

ಹೃದಯದ ಆಪರೇಷನ್ ಆದವರ ಐಸಿಯುನಲ್ಲಿ ನಾನು ನರ್ಸ್. 'ಬಿಪಿ ಇಳಿದಿದೆ, ಇನ್ನೊಂದು ಬಾಟಲಿ ಡ್ರಿಪ್ ಹಾಕಬಾರದಾ ಸಿಸ್ಟರ್?' ಎಂದು ರೋಗಿಯ ಕಡೆಯವರು ಕೇಳುತ್ತಲೇ ಇರುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಒಳಗೆ ರಕ್ತ ಸೋರುತ್ತಿರಬಹುದು, ಹೃದಯವೇ ಸೋತಿರಬಹುದು ಅಲ್ವಾ? ಸೋತ ಹೃದಯಕ್ಕೆ ಸುಮ್ನೆ ಡ್ರಿಪ್ ಸುರಿದರೆ ನೀರು ಶ್ವಾಸಕೋಶ ಸೇರುತ್ತದೆ.

ಅದಕ್ಕೇ ಎಷ್ಟೋ ಸಲ ಮೊದಲು ರೋಗಿಯ ಕಾಲು ಎತ್ತಿ ನೋಡುತ್ತೇವೆ. ಒರಗಿ ಕೂತ ರೋಗಿಯ ತಲೆಭಾಗ ತಗ್ಗಿಸಿ, ಮಂಚದ ಕಾಲಿನ ಬದಿಯನ್ನು 45 ಡಿಗ್ರಿ ಏರಿಸಿದರೆ ಸುಮಾರು 300 ಮಿ.ಲೀ. ರಕ್ತ ಹೃದಯದ ಕಡೆ ಹರಿಯುತ್ತದೆ. ಒಂದು ಹನಿ ಡ್ರಿಪ್ ಖರ್ಚಿಲ್ಲ! ಒಂದು ನಿಮಿಷದೊಳಗೆ ಹೃದಯ ಪಂಪ್ ಮಾಡುವ ರಕ್ತ ಶೇ 10ರಷ್ಟಾದರೂ ಹೆಚ್ಚಿದರೆ ಡ್ರಿಪ್‌ನಿಂದ ಉಪಯೋಗವಾದೀತು. ಇಲ್ಲವಾದರೆ ಮಂಚ ಇಳಿಸಿ ಬೇರೆ ಕಾರಣ ಹುಡುಕಬೇಕು. ಬಿಪಿ ಅಂಕಿಯೊಂದನ್ನೇ ನೋಡಿದರೆ ಇದು ಸರಿಯಾಗಿ ತಿಳಿಯುವುದಿಲ್ಲ.

ಇದಕ್ಕೆಲ್ಲ ಮಂಚದ ಪಕ್ಕ ಒಬ್ಬರು ನಿಂತಿರಬೇಕು. ಗಂಟೆಗೊಮ್ಮೆ ಮೂತ್ರ, ಎದೆಯ ಡ್ರೇನ್‌ನಲ್ಲಿ (ಎದೆಯೊಳಗೆ ಇಟ್ಟ ನಳಿಕೆಯಲ್ಲಿ) ಹೊರಬಂದ ರಕ್ತ ಅಳೆದು ಬರೆಯಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಮೂವರನ್ನು ನೋಡಿದ್ದೇನೆ, ಬರೆಯುವುದು ತಡವಾಗಿದೆ. ಆಪರೇಷನ್ ಆದ ಮೊದಲ ರಾತ್ರಿಯಾದರೂ ಒಬ್ಬ ರೋಗಿಗೆ ಒಬ್ಬ ನರ್ಸ್ ಇರುವಂತೆ ಆಸ್ಪತ್ರೆಗಳು ನೋಡಿಕೊಳ್ಳಲಿ.

– ಒಬ್ಬ ಐಸಿಯು ನರ್ಸ್